ಅಂಗುಳಕ್ಕೆ ಅಂಟಿದ್ದು

ಜನವರಿ 19, 2025. ಅಮೀನಗಡ

ನಾನು ಶಾಲೆ ಬಿಟ್ಟವನು. ತಪ್ಪು ಬರೆದರೆ ಕೇಳುವವರಿಲ್ಲ, ಇದು ನನಗಷ್ಟೇ. ಈ ನೋಟುಬುಕ್ಕು ಕೊಟ್ಟವರು ಕರದಂಟಿನ ಅಂಗಡಿಯ ಮಾಲಕ ಮುರ್ತುಜಸಾಬರು. "ಲೇ ಶ್ರೀಶೈಲಾ, ಗಿರಾಕಿ ಮುಂದ ಹೇಳಬಾರದ್ದನ್ನೆಲ್ಲಾ ಇದರಾಗ ಬರಿ. ನನ್ನ ಧಂದೆ ಉಳೀತೈತಿ" ಅಂದರು. ನಿನ್ನೆ ಬಸ್ಸಿನಿಂದಿಳಿದ ಒಬ್ಬರು "ಪೂರಾ ಬೆಲ್ಲದ್ದೇನಪಾ?" ಎಂದು ಕೇಳಿದ್ದರು. "ಇಲ್ರಿ, ಕಾಲು ಭಾಗ ಸಕ್ಕರಿ ಐತಿ" ಎಂದೆ. ಗಿರಾಕಿ ಬಸ್ಸು ಹತ್ತಿ ಹೋದರು. ಸಾಬರು ಸೌಟು ಎತ್ತಿ, "ನಿನ್ನ ಬಾಯಿ ಹೊಲಿಸಬೇಕಲೇ" ಅಂದರು.

ಇವತ್ತು ಅದೇ ಬಾಯಿಯ ಸುದ್ದಿ.

ಕರದಂಟಿಗೆ ಹಾಕುವ ಅಂಟು, ಅಂದರೆ ಮರದ ಗೋಂದು, ತುಪ್ಪದಲ್ಲಿ ಪೂರ್ತಿ ಅರಳಬೇಕು. ಒಳಗೆ ಹಸಿ ಉಳಿದರೆ ಹಲ್ಲಿಗೆ, ಅಂಗುಳಕ್ಕೆ ಮೆತ್ತಿಕೊಳ್ಳುತ್ತದೆ. ಐದು ತಿಂಗಳಿಂದ ನನ್ನ ಅಂಗುಳದ ಬಲಕ್ಕೆ ಏನೋ ಮೆತ್ತಿಕೊಂಡಿತ್ತು. ದಿನಾ ಹತ್ತಾರು ಸಲ ಅಂಟು ತಿಂದು ನೋಡುವವನು ನಾನು, ಹಸಿ ಅಂಟೇ ಇರಬೇಕು ಅಂದುಕೊಂಡಿದ್ದೆ. ದಿನಾ ನಾಲಗೆಯಿಂದ ಒತ್ತುತ್ತಿದ್ದೆ. ಇನ್ನೂ ಹೆಚ್ಚು ಕರಿಯುತ್ತಿದ್ದೆ. ಎರಡು ಸಲ ಕಡಾಯಿ ಪೂರ್ತಿ ಹೊತ್ತಿಸಿ ಬೈಸಿಕೊಂಡೆ.

ಇವತ್ತು ಸಿಟ್ಟಿಗೆದ್ದ ಸಾಬರು ಮೊಬೈಲ್ ಬ್ಯಾಟರಿ ಹಚ್ಚಿ "ಬಾಯಿ ತೆಗಿ, ಯಾವ ಅಂಟು ಅದು ನೋಡೇಬಿಡ್ತೇನಿ" ಅಂದರು. ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಬ್ಯಾಟರಿ ಆರಿಸಿ, ಧ್ವನಿ ಸಣ್ಣದು ಮಾಡಿ ಅಂದರು:

"ಇದು ಅಂಟಲ್ಲೋ ಮಗನ. ಇದು ನಿಂದೇ."

ಜನವರಿ 27. ನವನಗರ

ಮನೆಗೆ ಬಂದಿದ್ದೇನೆ. ಬಾಗಲಕೋಟೆಯ ದವಾಖಾನೆಯಲ್ಲಿ ಡಾಕ್ಟರ್ ಶಿರೀಷ ಅವರು ಅಂಗುಳದಿಂದ ಚೂರು ಮಾಂಸ ಕತ್ತರಿಸಿ ಪರೀಕ್ಷೆಗೆ ಕಳಿಸಿದರು.

ಅಪ್ಪನೂ ಬಂದಿದ್ದ. ಅಪ್ಪ, ಹೊಳಬಸಪ್ಪ ಮಾಸ್ತರ, ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾನೆ. ಮೂರು ವರ್ಷದಿಂದ ನನ್ನ ಜೊತೆ ನೇರವಾಗಿ ಮಾತಾಡಿಲ್ಲ. ಹೇಳುವುದಿದ್ದರೆ ಅವ್ವನಿಗೆ ಹೇಳುತ್ತಾನೆ. "ಬನಶಂಕರಿ, ಅವಂಗ ಉಣ್ಣಾಕ ಹಾಕು." ನಾನು ಎದುರಿಗೇ ಕೂತಿರುತ್ತೇನೆ. ಅವ್ವ ನನ್ನ ಕಡೆ ತಿರುಗಿ "ಉಣ್ಣಂತಪಾ" ಅನ್ನುತ್ತಾಳೆ. ನಾನು "ಹಸಿವಿಲ್ಲ ಅಂತ ಹೇಳು" ಅನ್ನುತ್ತೇನೆ. ಆಕೆ ಅತ್ತ ತಿರುಗಿ ಹೇಳುತ್ತಾಳೆ. ಒಮ್ಮೊಮ್ಮೆ ಬೇಸತ್ತು, "ನಾ ಏನು ಪೋಸ್ಟಿನಾಕೀ ಏನ್ರಿ?" ಎಂದು ರೇಗುತ್ತಾಳೆ.

ಕಾರಣ ಬರೆಯಬೇಕು. ಬರೆಯದಿದ್ದರೆ ಸುಳ್ಳಾಗುತ್ತದೆ. ನನ್ನ ಹತ್ತನೇ ಪರೀಕ್ಷೆಯಲ್ಲಿ ಗಣಿತದ ದಿನ ವಿಠ್ಠಲ ಸರ್ ಹಲಗೆಯ ಮೇಲೆ ಉತ್ತರ ಬರೆದರು. ಅವರು ನಮ್ಮ ಓಣಿಯವರೇ, ಅಪ್ಪನ ಜೀವದ ಗೆಳೆಯ. ತಪಾಸಣೆಯವರು ಬಂದು "ಯಾರಾದರೂ ಉತ್ತರ ಹೇಳಿಕೊಟ್ಟರೇನು?" ಎಂದು ಕೇಳಿದರು. ಇಡೀ ಖೋಲಿ ಸುಮ್ಮನಿತ್ತು. ನಾನು ಎದ್ದುನಿಂತೆ. ಸರ್ ಅಮಾನತಾದರು. ಪರೀಕ್ಷೆ ಮತ್ತೊಮ್ಮೆ ಆಯಿತು. ಓಣಿಯ ಹುಡುಗರೆಲ್ಲ ನನ್ನಿಂದಾಗಿ ಎರಡನೇ ಸಲ ಬರೆದರು. ನಾನು ಮಾತ್ರ ಹೋಗಲಿಲ್ಲ. ಅವತ್ತಿನಿಂದ ಅಪ್ಪ ಮೌನಿ.

ಬೈದಿದ್ದರೆ ಚೆನ್ನಾಗಿತ್ತು.

ಫೆಬ್ರುವರಿ 9

ಗಡ್ಡೆ ಕೆಟ್ಟದ್ದು. ನಿಧಾನವಾಗಿ ಬೆಳೆಯುವ ಜಾತಿಯದಂತೆ, ಆದರೆ ಕೆಟ್ಟದ್ದೇ.

ಶಿರೀಷ ಡಾಕ್ಟರು ಇದೇ ಕೆಲಸ ಕಲಿತದ್ದು ತೈವಾನಿನಲ್ಲಿ. ಅಲ್ಲಿಯ ಅವರ ಗುರುಗಳು ಅಂಗುಳ ತೆಗೆದು, ಕೈಯ ಚರ್ಮದಿಂದ ಹೊಸ ಅಂಗುಳ ಕಟ್ಟುತ್ತಾರಂತೆ. ಆ ದವಾಖಾನೆ ಪ್ರತಿ ವರ್ಷ ಹಳೆಯ ಶಿಷ್ಯರ ಊರಿನಿಂದ ಒಬ್ಬ ರೋಗಿಯನ್ನು ಕರೆಸಿಕೊಂಡು, ತನ್ನದೇ ಖರ್ಚಿನಲ್ಲಿ ಶಸ್ತ್ರಚಿಕಿತ್ಸೆ ಮಾಡುತ್ತದೆ. ಈ ವರ್ಷ ನನ್ನ ಹೆಸರು ಹೋಗಿದೆ. ಜೊತೆಗೆ ಒಬ್ಬರು ಹೋಗಬಹುದು.

"ಅವ್ವ ಬರಲಿ" ಅಂದೆ. ಅವ್ವನಿಗೆ ಬಾದಾಮಿ ದಾಟಿದರೆ ತಲೆ ತಿರುಗುತ್ತದೆ. ಇಂಗ್ಲಿಷೂ ಬಾರದು.

"ಬನಶಂಕರಿ, ನಾನು ಹೋಗ್ತೇನಿ ಅಂತ ಅವಂಗ ಹೇಳು" ಅಂದ ಅಪ್ಪ.

ಅಲ್ಲಿ ಪೋಸ್ಟಿನಾಕೆ ಯಾರು?

ಮಾರ್ಚ್ 23

ಒಂದೂವರೆ ತಿಂಗಳು ಕಾಗದಪತ್ರಗಳಲ್ಲೇ ಹೋಯಿತು. ನವನಗರದಲ್ಲಿ ಕೂತು ಕೂತು ಸಾಕಾಗಿ ಇವತ್ತು ಅಮೀನಗಡಕ್ಕೆ ಹೋಗಿದ್ದೆ. ಹುನಗುಂದದ ಬಸ್ಸು ನಿಂತಿತ್ತು, ಕಂಡಕ್ಟರ್ "ಎರಡು ನಿಮಿಷ" ಎಂದು ಕೂಗುತ್ತಿದ್ದ. ಆ ಕೂಗು ಕೇಳಿದ ಕೂಡಲೇ ಕೈ ತಾನಾಗಿಯೇ ಪೊಟ್ಟಣ ಕಟ್ಟಲು ದಾರ ಹುಡುಕಿತು.

ಸಾಬರು ತೈವಾನಿನ ಡಾಕ್ಟರಿಗೆಂದು ಎರಡು ಡಬ್ಬಿ ಕರದಂಟು ಕೊಟ್ಟರು. "ಇದು ಪೂರಾ ಬೆಲ್ಲದ್ದು. ಕೇಳಿದ್ರ ಧೈರ್ಯಲೇ ಹೇಳು" ಅಂದರು. ಆಮೇಲೆ ಕಣ್ಣು ಒರೆಸಿಕೊಂಡು ಹೊಗೆಯನ್ನು ಬೈದರು. ಒಲೆ ಹಚ್ಚಿರಲೇ ಇಲ್ಲ.

ಏಪ್ರಿಲ್ 8. ತೈಪೆ

ಎರಡು ವಿಮಾನ. ಪಕ್ಕಪಕ್ಕದ ಸೀಟು. ಬೆಂಗಳೂರಿನಿಂದ ಇಲ್ಲಿಯವರೆಗೆ ಅಪ್ಪ ಗಗನಸಖಿಯ ಜೊತೆ ಆರು ಮಾತಾಡಿದ. ನನ್ನ ಜೊತೆ ಸೊನ್ನೆ.

ಇಳಿದ ಮೇಲೆ ತಿನ್ನುವ ಪದಾರ್ಥ ತಂದಿದ್ದೀರಾ ಎಂದು ಕೇಳುವ ಕಡೆ ಬಂದೆವು. ಅಪ್ಪ ಚೀಲ ಎಳೆದುಕೊಂಡು ಮುಂದೆ ಹೊರಟ. ನಾನು ಕೈ ಎತ್ತಿ "ಎಸ್" ಅಂದೆ. ಚೀಲ ಬಿಚ್ಚಿಸಿದರು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಕರದಂಟು, ಅಲ್ಲಿಯ ಡಾಕ್ಟರ ಹೆಂಡತಿಗೆಂದು ಅವ್ವ ಕೊಟ್ಟ ಇಳಕಲ್ಲ ಸೀರೆ, ಎಲ್ಲ ಮೇಜಿನ ಮೇಲೆ ಹರಡಿತು. ಒಬ್ಬಾಕೆ ರೊಟ್ಟಿಯನ್ನು ಬೆಳಕಿಗೆ ಹಿಡಿದು ಬಡಿದು ನೋಡಿದಳು. ಟಣ್ ಅಂದಿತು. ಇನ್ನೊಬ್ಬಳನ್ನು ಕರೆದಳು. ಆಕೆಯೂ ಬಡಿದಳು. ಅರ್ಧ ತಾಸು ಹೋಯಿತು. ಕೊನೆಗೆ ಎಲ್ಲ ವಾಪಸು ಕೊಟ್ಟರು.

ಅಪ್ಪನ ಮುಖ ಕೆಂಪಾಗಿತ್ತು. ಚೀಲ ತುಂಬುತ್ತ, ಸುತ್ತ ನೋಡಿ, ಮಾತು ದಾಟಿಸುವವರು ಯಾರೂ ಇಲ್ಲದ್ದರಿಂದ ನನ್ನನ್ನೇ ನೋಡಿ ಅಂದ:

"ಒಮ್ಮೆರೆ ಸುಮ್ನ ಇರಾಕ ಆಗೂದಿಲ್ಲೇನಲೇ ನಿಂಗ?"

ಮೂರು ವರ್ಷದಲ್ಲಿ ಮೊದಲ ಮಾತು. ಬೈಗುಳವಾದರೂ ನೇರವಾಗಿ ಬಂತು.

ಏಪ್ರಿಲ್ 11

ಎಲ್ಲ ಸ್ವಚ್ಛ, ಎಲ್ಲ ಸದ್ದಿಲ್ಲದ್ದು. ಸಸ್ಯಾಹಾರದ ಊಟ ಎಲ್ಲೆಡೆ ಸಿಗುತ್ತದೆ, ಆದರೆ ಇಲ್ಲಿಯ ಸಸ್ಯಾಹಾರಿಗಳು ಉಳ್ಳಾಗಡ್ಡಿ, ಬಳ್ಳೊಳ್ಳಿ ಎರಡೂ ಮುಟ್ಟುವುದಿಲ್ಲ. ಅಪ್ಪ ಡಬ್ಬಿ ತೆರೆದು, ಮುಚ್ಚಿ, ಕೊಡುವವರಿಗೆ "ಶಿಯೇ ಶಿಯೇ ರೀ" ಅಂದ. ಅವರ ಧನ್ಯವಾದಕ್ಕೆ ನಮ್ಮ ರೀ ಹಚ್ಚಿದ್ದಾನೆ. ನಗು ಬಂತು, ತೋರಿಸಲಿಲ್ಲ.

ದವಾಖಾನೆಯ ಹನ್ನೊಂದನೇ ಮಹಡಿಯ ಕಿಟಕಿಯಿಂದ ಹಸಿರು ಗುಡ್ಡ ಕಾಣುತ್ತದೆ. ಚಂದ ಇದೆ. ಆದರೆ ನನಗೆ ಬಾದಾಮಿಯ ಕೆಂಪು ಗುಡ್ಡ ಬೇಕು, ಅಲ್ಲಿಯ ಮಂಗ ಬೇಕು. ಸಾಬರ ಬೈಗುಳ ಬೇಕು. ಒಂದು ಬಸ್ಸು ಹಾರ್ನ್ ಹೊಡೆಯಲಿ ಅನ್ನಿಸುತ್ತದೆ. ಇಲ್ಲಿ ಯಾರೂ ಹೊಡೆಯುವುದಿಲ್ಲ. ಉದ್ದನೆಯ ಹಾದಿಯಲ್ಲಿ ಆ ತುದಿಯಿಂದ ಈ ತುದಿಗೆ ಇಪ್ಪತ್ತು ಸಲ ನಡೆದೆ. ಲಿನ್ ಎಂಬ ನರ್ಸು ಒಂದು ಸ್ಟೂಲ್ ತಂದು ಮುಂದಿಟ್ಟಳು. ಹತ್ತು ನಿಮಿಷ ಕೂತೆ.

ಏಪ್ರಿಲ್ 14

ದೊಡ್ಡ ಡಾಕ್ಟರು ಇಂಗ್ಲಿಷಿನಲ್ಲಿ ಕಾಲು ತಾಸು ಮಾತಾಡಿದರು. ಬಾಯಿಯ ಚಿತ್ರ ಬರೆದು ಕತ್ತರಿಸುವ ಕಡೆ ಗೆರೆ ಎಳೆದರು. ಅಪ್ಪ ತಲೆಯಾಡಿಸುತ್ತ ಕೇಳಿದ. ಆಮೇಲೆ ಗೋಡೆಯ ಕಡೆ ನೋಡಿ ನನಗೆ ತಿಳಿಸಿದ: "ಸಣ್ಣದು. ತೆಗೀತಾರ. ಎಲ್ಲಾ ಮೊದಲಿನಂಗ ಆಗ್ತೈತಿ."

ಕಾಲು ತಾಸಿನ ಮಾತಿಗೆ ಇಷ್ಟೇ ಕನ್ನಡವೇ?

ಗೆರೆ ಕಿರುನಾಲಗೆಯವರೆಗೆ ಹೋಗಿತ್ತು. ಶಾಲೆ ಬಿಟ್ಟಿದ್ದೇನೆ, ಕಣ್ಣು ಮುಚ್ಚಿಲ್ಲ. "ಸ್ಪೀಚ್" ಎಂಬ ಶಬ್ದ ಐದು ಸಲ ಬಂದದ್ದು ಕೇಳಿದ್ದೆ. ಒಪ್ಪಿಗೆ ಕಾಗದ ಮುಂದಿಟ್ಟಾಗ ಪೆನ್ನು ಕೆಳಗಿಟ್ಟೆ.

"ಖರೆ ಹೇಳೂಮಟಾ ಸಹಿ ಮಾಡೂದಿಲ್ಲ ಅಂತ ಹೇಳು" ಎಂದೆ. ಯಾರಿಗೆ ಹೇಳಿದೆನೋ ಗೊತ್ತಿಲ್ಲ. ಅವ್ವ ಇಲ್ಲಿಲ್ಲ.

ಅಪ್ಪ ಹೊರಗೆ ಹೋಗಿ ಬೆಂಚಿನ ಮೇಲೆ ಕೂತ. ಬಹಳ ಹೊತ್ತಿನ ಮೇಲೆ ನಾನೂ ಹೋಗಿ ಪಕ್ಕದಲ್ಲಿ ಕೂತೆ. ಅಪ್ಪ ಚಪ್ಪಲಿ ನೋಡುತ್ತ ಮಾತಾಡಿದ. ಅವನು ಅಂದದ್ದನ್ನು ಅಂದ ಹಾಗೇ ಬರೆಯುತ್ತೇನೆ.

"ಅವತ್ತ ನಾ ಬಾಜು ಖೋಲ್ಯಾಗ ಡ್ಯೂಟಿ ಮ್ಯಾಲೆ ಇದ್ದೆ. ವಿಠ್ಠಲ ಬರಿಯೂದು ನೋಡೇನಿ. ತಪಾಸಣಿಯವರು ಮೊದಲ ನನ್ನ ಹತ್ರಾನ ಬಂದ್ರು. ಏನೂ ನಡದಿಲ್ರಿ ಸಾಹೇಬ್ರ, ಅಂದೆ. ಅವರು ನಂಬಿ ಹೊಂಟಿದ್ರು. ಹಂಗ ಹೋಗೂಮುಂದ ನಿಮ್ಮ ಖೋಲ್ಯಾಗ ಒಂದ ಮಾತು ಕೇಳಿದ್ರು. ನೀ ಎದ್ದು ನಿಂತಿ."

"ನಂಗ ಗೊತ್ತಿರಲಿಲ್ಲ" ಅಂದೆ.

"ವಿಠ್ಠಲ ಎಲ್ಲಾ ತನ್ನ ಮ್ಯಾಲೆ ತಗೊಂಡ. ನನ್ನ ಹೆಸರು ತಗೀಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ನಿನ್ನ ಮ್ಯಾಲೆ ಸಿಟ್ಟು ಅಂತ ತಿಳದೀಯೇನು? ಸಿಟ್ಟಲ್ಲೋ. ನಿನ್ನ ಮಾರಿ ನೋಡಾಕ ನಂಗ ಮಾರಿ ಇರಲಿಲ್ಲ."

ನರ್ಸುಗಳು ಗಾಡಿ ತಳ್ಳಿಕೊಂಡು ಹೋದರು.

ಆಮೇಲೆ ಅಪ್ಪ ಹಲಗೆಯ ಮುಂದೆ ನಿಂತು ಪಾಠ ಹೇಳುವ ಹಾಗೆ, ಒಂದೂ ಬಿಡದೆ, ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದ. "ಅಂಗುಳದ ಅರ್ಧ ಹೋಗ್ತೈತಿ. ಎಡಗೈ ಚರ್ಮಾ ತಗದು ಅಲ್ಲಿ ಕೂಡಸ್ತಾರ. ನುಂಗಾಕ ಹೊಸದಾಗಿ ಕಲೀಬೇಕು. ಮಾತು ಮೊದಲಿನಂಗ ಬರೂದಿಲ್ಲ. ಎಷ್ಟ ಬರ್ತೈತಿ ಅಂತ ಅವರಿಗೂ ಗೊತ್ತಿಲ್ಲ. ತಗೀಲಿಲ್ಲಂದ್ರ ಗಡ್ಡಿ ಮ್ಯಾಲೆ ಏರ್ತೈತಿ."

ಒಳಗೆ ಹೋಗಿ ಕನ್ನಡದಲ್ಲಿ ಸಹಿ ಮಾಡಿದೆ.

ಏಪ್ರಿಲ್ 15

ನಾಳೆ ಶಸ್ತ್ರಚಿಕಿತ್ಸೆ. ಈ ಬಾಯಿಯಿಂದ ಇವತ್ತೇ ಕೊನೆಯ ಮಾತು. ಯಾರಿಗೆ, ಏನು ಹೇಳಬೇಕು?

ಅವ್ವನಿಗೆ ಫೋನ್ ಮಾಡಿದೆ. "ಜ್ವಾಳಾ ಬೀಸಾಕ ಹಾಕಿ ಬಂದೇನಿ, ಜಲ್ದಿ ಹೇಳು" ಅಂದಳು. ಧೈರ್ಯಕ್ಕೆ ಹಾಗೆ ಅನ್ನುತ್ತಾಳೆ, ಗೊತ್ತು. "ಏನಿಲ್ಲವ್ವಾ" ಅಂದೆ. ಅದು ಸುಳ್ಳು. ಇಲ್ಲಿ ಬರೆದಿಡುತ್ತೇನೆ.

ಸಾಬರಿಗೆ ಮಾಡಿದೆ. "ಕಾಕಾ, ಅಂಟು ಕರಿಯೂದು ಕೇಳಸ್ರಿ." ಫೋನನ್ನು ಕಡಾಯಿಯ ಹತ್ತಿರ ಹಿಡಿದರು. ಒಂದು ಮುಷ್ಟಿ ಅಂಟು ಬಿತ್ತು. ಮೊದಲು ಸುಮ್ಮನಿತ್ತು. ಆಮೇಲೆ ಒಂದೊಂದೇ ಅರಳತೊಡಗಿತು, ಪಟ್, ಪಟ್ಪಟ್, ಕೊನೆಗೆ ಎಲ್ಲ ಒಟ್ಟಿಗೆ. ಹಿಂದುಗಡೆ ಬಸ್ಸೊಂದು ಹಾರ್ನ್ ಹೊಡೆಯಿತು.

ಸ್ಪೀಕರ್ ಹಾಕಿದ್ದೆ. ಅಪ್ಪನೂ ಕೇಳುತ್ತ ನಿಂತಿದ್ದ.

ಏಪ್ರಿಲ್ 16, ಬೆಳಿಗ್ಗೆ

ಮೈಮೇಲೆ ಏನೂ ಇರಬಾರದಂತೆ. ಕೊರಳಿನ ಲಿಂಗವನ್ನೂ ತೆಗೆಯಬೇಕು. ಐದನೇ ವಯಸ್ಸಿನಲ್ಲಿ ಕಟ್ಟಿದ್ದು, ಮೈಯಿಂದ ಬಿಟ್ಟದ್ದಿಲ್ಲ. ಲಿನ್ ಒಂದು ಪ್ಲಾಸ್ಟಿಕ್ ಚೀಲ, ಬೀಗದ ಕೈ ತಂದಳು. ಅಪ್ಪ ಬೇಡವೆಂದು ತಲೆಯಾಡಿಸಿ ಕೈ ಚಾಚಿದ. ಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ಅವನ ಎಡ ಅಂಗೈಯಲ್ಲಿ ಇಟ್ಟೆ.

"ಹೋಗಿ ಬಾ" ಅಂದ. ನನಗೇ.

ಏಪ್ರಿಲ್ 21

ಇದ್ದೇನೆ.

ಬಾಯಿ ನನ್ನದಲ್ಲ. ಮೂಗಿನಲ್ಲಿ ನಳಿಕೆ. ಎಡಗೈಗೆ ದೊಡ್ಡ ಪಟ್ಟಿ.

ಬರೆಯಲು ಆಗುತ್ತಿಲ್ಲ.

ಏಪ್ರಿಲ್ 25

ಮಾತಾಡುವಂತಿಲ್ಲ. ಬೇಕಾದ್ದನ್ನು ಹಾಳೆಯಲ್ಲಿ ಬರೆದು ತೋರಿಸುತ್ತೇನೆ. ಅಪ್ಪ ಓದಿ, ಜೇಬಿನಿಂದ ಕೆಂಪು ಪೆನ್ನು ತೆಗೆದು ತಪ್ಪು ತಿದ್ದಿ, ಆಮೇಲೆ ನೀರು ಕೊಡುತ್ತಾನೆ. ನಳಿಕೆಯಲ್ಲಿ.

ಲಿನ್ ಮೊಬೈಲಿನಲ್ಲಿ ಏನೋ ಬೆರಳಚ್ಚಿಸಿ ತೋರಿಸಿದಳು. ಯಂತ್ರದ ಕನ್ನಡ ಹೀಗಿತ್ತು: "ನಿಮ್ಮ ತಂದೆ ಒಂಬತ್ತು ಗಂಟೆ ಬೆಳ್ಳಿ ಮೊಟ್ಟೆ ಹಿಡಿದ. ಕೆಳಗೆ ಇಡಲಿಲ್ಲ. ಊಟಕ್ಕೆ ಎರಡು ಕೈ ಬೇಕು. ಊಟ ಮಾಡಲಿಲ್ಲ."

ಈಗ ಅದು ನನ್ನ ಕೊರಳಿಗೆ ಬಂದಿದೆ.

ಏಪ್ರಿಲ್ 30

ಬಸವ ಜಯಂತಿ. ಊರಲ್ಲಿ ಅವ್ವ ಹೋಳಿಗೆ ಮಾಡಿರುತ್ತಾಳೆ. ನನಗೆ ನಳಿಕೆಯಲ್ಲಿ ಬಿಳಿಯ ಹಾಲಿನಂಥದ್ದು. ನಾಲಗೆಯಿಂದ ಮೆಲ್ಲಗೆ ಅಂಗುಳ ಮುಟ್ಟಿ ನೋಡಿದೆ. ನಾಲಗೆಗೆ ಅಂಗುಳ ಗೊತ್ತಾಗುತ್ತದೆ, ಅಂಗುಳಕ್ಕೆ ನಾಲಗೆ ಗೊತ್ತಾಗುವುದಿಲ್ಲ. ಯಾರದೋ ಮನೆಯ ಬಾಗಿಲು ಬಡಿದ ಹಾಗಿದೆ.

ಮುಂದೆ ಅಲ್ಲಿ ಕೂದಲೂ ಬೆಳೆಯಬಹುದು ಎಂದರು ಡಾಕ್ಟರು, ಕೈಯ ಚರ್ಮವಲ್ಲವೇ. ಅಪ್ಪ ಇದನ್ನೂ ಮುಚ್ಚಿಡದೆ ಹೇಳಿದ. "ಕೂದಲಾ ಬಾಚಾಕ ಹಣಗಿ ತಗೊಂಡು ಬಾ" ಎಂದು ಬರೆದೆ. ಅಪ್ಪ ನಕ್ಕ. ಕೆಂಪು ಪೆನ್ನು ತೆಗೆಯಲಿಲ್ಲ.

ಆಮೇಲೆ ತನ್ನಷ್ಟಕ್ಕೆ ಹಳೆಯ ಬಾಗಲಕೋಟೆಯ ಕಥೆ ಶುರು ಮಾಡಿದ. ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಮನೆ, ಅದರ ಬಾಗಿಲು ಕಿತ್ತು ಚಕ್ಕಡಿಯಲ್ಲಿ ಹೇರಿಕೊಂಡು ಬಂದದ್ದು, ನವನಗರದ ಗೋಡೆಗೆ ಆ ಬಾಗಿಲು ದೊಡ್ಡದಾದದ್ದು. ನಾನು ನಡುವೆ ಬಾಯಿ ಹಾಕುವಂತಿಲ್ಲವಲ್ಲ, ಅದಕ್ಕೇ ಮುಗಿಸುವವರೆಗೂ ಹೇಳಿದ. ಮುಗಿದಾಗ ಊಟದ ಹೊತ್ತಾಗಿತ್ತು. ಇವತ್ತು ನಾನು ಒಮ್ಮೆಯೂ ಹಾದಿಯಲ್ಲಿ ನಡೆಯಲು ಏಳಲಿಲ್ಲ.

ಮೇ 12

ಅವ್ವನ ವಿಡಿಯೊ ಕಾಲ್. ನಾನು ಹಾಳೆಯ ಮೇಲೆ ಬರೆದೆ, ಅಪ್ಪ ಆಕೆಗೆ ಓದಿ ಹೇಳಿದ. "ಸೊರಗಿಯಂತ, ಅನ್ನಾಕತ್ತಾನ." "ಮಾವಿನಹಣ್ಣು ಬಂದಾವೇನು, ಅನ್ನಾಕತ್ತಾನ."

ಅವ್ವ "ಈಗ ನೀವಾದ್ರಿ ನೋಡ್ರಿ ಪೋಸ್ಟಿನಾಂವ" ಅಂದಳು.

ಆಕೆ ಅತ್ತಳೋ ನಕ್ಕಳೋ, ಪರದೆಯಲ್ಲಿ ತಿಳಿಯಲಿಲ್ಲ.

ಮೇ 27

ಕತ್ತರಿಸಿದ ಅಂಚಿನಲ್ಲಿ ಗಡ್ಡೆಯ ಅಂಶ ಉಳಿದಿಲ್ಲ. ಊರಿಗೆ ಹೋಗಬಹುದು! ಮಾತಿನ ಅಭ್ಯಾಸ ಶುರುವಾಗಿದೆ. ಗಾಳಿ ಮೂಗಿನಿಂದ ಸೋರುತ್ತದೆ. ದೊಡ್ಡ ಡಾಕ್ಟರಿಗೆ ಕರದಂಟಿನ ಎರಡನೇ ಡಬ್ಬಿ ಕೊಟ್ಟೆ. ಮೊದಲನೆಯದು ನರ್ಸುಗಳ ಕೋಣೆಯಲ್ಲಿ ಎಂದೋ ಖಾಲಿಯಾಗಿದೆ. ಲಿನ್ ಹಲ್ಲು ತೋರಿಸಿ, ಅಂಟಿಕೊಳ್ಳುತ್ತದೆ ಎಂದು ಅಭಿನಯ ಮಾಡಿದಳು. ಹಾಗಾದರೆ ಸಾಬರ ಕೈಯಲ್ಲೂ ಹಸಿ ಉಳಿಯುತ್ತದೆ.

ಜೂನ್ 8. ನವನಗರ

ನೋಡಲು ಬಂದವರೆಲ್ಲ ಒಂದೇ ಮಾತು: "ಏನೂ ಫರಕ ಇಲ್ಲ ಬಿಡಪಾ, ಮೊದಲಿನಂಗ ಮಾತಾಡ್ತಿ." ಹಾಗೆ ಹೇಳಿ, ನಾನು ಹೇಳಿದ್ದಕ್ಕೆ ಬೇರೇನೋ ಉತ್ತರ ಕೊಡುತ್ತಾರೆ. ಸಾಬರೂ ಫೋನಿನಲ್ಲಿ "ಏಕದಂ ಕ್ಲೀಯರ್" ಅಂದರು. ಅವ್ವ ಅಂತೂ ಎಲ್ಲಕ್ಕೂ "ಹೂಂ".

ಯಾಕೋ ತೈಪೆಯ ಆ ಬೆಂಚು ನೆನಪಾಯಿತು. ಅಲ್ಲಿದ್ದಾಗ ಇಲ್ಲಿಯದು ಬೇಕಾಗಿತ್ತು.

ಊರಿಗೆ ಬಂದ ಮೂರನೇ ದಿನ ಅಪ್ಪ ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದ. ಎದುರು ನಿಂತು ಕೇಳಿದೆ: "ಅಪ್ಪಾ, ನನ್ನ ಮಾತು ಹ್ಯಾಂಗ ಬರ್ತೈತಿ? ಖರೆ ಹೇಳು."

ಪೇಪರ್ ಮಡಿಸಿದ. "ಮೂಗಿನ್ಯಾಗ ಬರ್ತೈತಿ. ಈಗ ಹೇಳಿದ್ದು ಅರ್ಧ ತಿಳೀತು, ಅರ್ಧ ತಿಳೀಲಿಲ್ಲ."

ಎದೆಗೆ ಬಡಿಯಿತು. ಸುಳ್ಳಲ್ಲ, ಬಡಿಯಿತು.

"ಇನ್ನೊಮ್ಮೆ ಹೇಳು" ಅಂದ. ಹೇಳಿದೆ. "ಇನ್ನೊಮ್ಮೆ." ಹೇಳಿದೆ. ಈಗ ದಿನಾ ಸಂಜೆ ಒಂದು ತಾಸು ಇದೇ ನಡೆಯುತ್ತದೆ. ನಿನ್ನೆ ಅಪ್ಪ ಮಧ್ಯದಲ್ಲಿ ಎದ್ದು ಅಂಗಿ ಹಾಕಿಕೊಂಡು ವಿಠ್ಠಲ ಸರ್ ಮನೆಗೆ ಹೋಗಿಬಂದ. ಏನಾಯಿತೆಂದು ಕೇಳಿದೆ. "ಕದಾ ತಗದಾ. ಚಾ ಕೊಡಲಿಲ್ಲ. ಮತ್ತ ಹೋಗ್ತೇನಿ" ಅಂದ.

ಜುಲೈ 20. ಅಮೀನಗಡ

ಅಂಗಡಿಗೆ ವಾಪಸಾಗಿ ಒಂದು ವಾರ. ಬೆಲ್ಲದ ಪಾಕವನ್ನು ಅಂಗುಳಕ್ಕೆ ಒತ್ತಿ ಹದ ನೋಡುತ್ತಿದ್ದವನು ನಾನು. ಈಗ ಬೆರಳಿನಿಂದ ನೋಡುತ್ತೇನೆ. ಬೆರಳು ಇನ್ನೂ ಕಲಿಯಬೇಕು. ಕರದಂಟು ನಾನು ತಿನ್ನುವಂತಿಲ್ಲ, ಇನ್ನೂ ಮೂರು ತಿಂಗಳು.

ಇವತ್ತು ರವಿವಾರ, ಅಪ್ಪ ಬಂದ. ನಾನು ಇಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅಂಗಡಿಗೆ ಕಾಲಿಟ್ಟದ್ದು ಇದೇ ಮೊದಲು. ಸಾಬರು ಕುರ್ಚಿ ಒರೆಸಿ "ಬರ್ರಿ ಮಾಸ್ತರ" ಅಂದರು.

ಇಳಕಲ್ಲಿನ ಬಸ್ಸಿನಿಂದ ಇಳಿದ ಒಬ್ಬರು ಬಂದು ಡಬ್ಬಿ ತೋರಿಸಿ "ಪೂರಾ ಬೆಲ್ಲದ್ದೇನು?" ಎಂದು ಕೇಳಿದರು. ನಾನು ಉತ್ತರ ಹೇಳಿದೆ. ಅವರಿಗೆ ತಿಳಿಯಲಿಲ್ಲ, ಮುಖ ಕಿವುಚಿ ಸಾಬರನ್ನು ನೋಡಿದರು. ಸಾಬರು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಕುರ್ಚಿಯಿಂದ ಎದ್ದುನಿಂತ.

"ಇಲ್ರಿ. ಕಾಲು ಭಾಗ ಸಕ್ಕರಿ ಐತಿ ಅಂತ ಹೇಳಾಕತ್ತಾನ ನನ್ನ ಮಗಾ."

ಗಿರಾಕಿ ಬಸ್ಸು ಹತ್ತಿ ಹೋದರು.

"ಯಾ ಅಲ್ಲಾ! ಒಬ್ಬಂವ ಸಾಲಲಿಲ್ಲಂತ ಈಗ ಇಬ್ಬರೇನು!" ಎಂದು ಸಾಬರು ಹಣೆ ಬಡಿದುಕೊಂಡರು.

ಅಪ್ಪ ತಟ್ಟೆಯಿಂದ ನಾನು ಮಾಡಿದ ಒಂದು ತುಣುಕು ಎತ್ತಿ ಬಾಯಿಗೆ ಹಾಕಿಕೊಂಡ. ನಿಧಾನವಾಗಿ ಅಗಿದ. ಒಳಗೆ ನಾಲಗೆ ಆಡಿಸುವುದು ಕೆನ್ನೆಯ ಮೇಲೆ ಕಾಣುತ್ತಿತ್ತು. ಇಬ್ಬರೂ ಅವನನ್ನೇ ನೋಡುತ್ತಿದ್ದೆವು.

"ಅಂಟು ಸರಿ ಕರದಿಲ್ಲ" ಅಂದ. "ಅಂಗುಳಕ್ಕ ಹತ್ತೇತಿ."

ನಾನು ತುಪ್ಪ ಮತ್ತೆ ಕಾಯಲಿಟ್ಟೆ.